ಸಮುದಾಯ ಕಾಲೇಜುಗಳಲ್ಲಿ ಪೂರ್ವಸಿದ್ಧತಾ ಶಿಕ್ಷಣ ಮತ್ತು ಕಲಿಕಾ ನೆರವು

ಸಮುದಾಯ ಕಾಲೇಜು ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರೌಢಶಾಲಾ ಶಿಕ್ಷಣ ಮುಗಿಸಿದ ಯಾರಿಗೇ ಆದರೂ ಬಾಗಿಲು ತೆರೆದಿರುವ, ಕಡಿಮೆ ಶುಲ್ಕದ, ಬಹುಮಟ್ಟಿಗೆ ಎರಡು ವರ್ಷಗಳ ವ್ಯಾಸಂಗದ ಸಾರ್ವಜನಿಕ ಸಂಸ್ಥೆ. ಇಲ್ಲಿ ಅಸೋಸಿಯೇಟ್ ಪದವಿ ಪಡೆದವರು ನೇರವಾಗಿ ಉದ್ಯೋಗಕ್ಕೆ ಸೇರಬಹುದು, ಇಲ್ಲವೇ ಗಳಿಸಿದ ಕ್ರೆಡಿಟ್‌ಗಳನ್ನು ಒಯ್ದು ನಾಲ್ಕು ವರ್ಷಗಳ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಬಹುದು. ಇಂತಹ ಸುಮಾರು ಒಂದು ಸಾವಿರ ಕಾಲೇಜುಗಳು ಆ ದೇಶದಲ್ಲಿದ್ದು, ಕ್ಯಾಲಿಫೋರ್ನಿಯ ರಾಜ್ಯವೊಂದರಲ್ಲೇ 116 ಇವೆ. ಪ್ರವೇಶಕ್ಕೆ ಅಂಕಗಳ ತಡೆಯಿಲ್ಲದ ಕಾರಣ ಹದಿನೆಂಟರ ಹರೆಯದವರ ಪಕ್ಕದಲ್ಲೇ ಹತ್ತು ಹದಿನೈದು ವರ್ಷ ದುಡಿದು ಮತ್ತೆ ಓದಲು ಬಂದವರು, ಮಕ್ಕಳನ್ನು ಸಾಕುತ್ತಿರುವ ತಾಯಂದಿರು, ವಲಸೆ ಬಂದ ಕುಟುಂಬಗಳವರು ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಇವರಲ್ಲಿ ಕಾಲೇಜು ಮಟ್ಟದ ಗಣಿತ, ಓದು ಮತ್ತು ಬರವಣಿಗೆಗೆ ಇನ್ನೂ ಅಣಿಯಾಗಿಲ್ಲವೆಂದು ತೀರ್ಮಾನವಾದವರಿಗಾಗಿ ನಡೆಸುವ ತರಗತಿಗಳನ್ನೂ ಅವುಗಳ ಜೊತೆಗಿರುವ ಟ್ಯೂಟರಿಂಗ್, ಸಲಹೆ, ಬರವಣಿಗೆ ಕೇಂದ್ರ ಮೊದಲಾದ ಸೇವೆಗಳನ್ನೂ ಸೇರಿಸಿ ಅಲ್ಲಿ ಡೆವಲಪ್‌ಮೆಂಟಲ್ ಶಿಕ್ಷಣ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಪೂರ್ವಸಿದ್ಧತಾ ಶಿಕ್ಷಣ ಎಂದು ಕರೆಯಲಾಗಿದೆ.

ಭಾರತದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಮೊದಲಾಗಿ, ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಯೋಜನೆಯ ಬೆಂಬಲದಿಂದ ಹಲವು ರಾಜ್ಯಗಳಿಗೆ ಹರಡಿದ ಸಮುದಾಯ ಕಾಲೇಜುಗಳು ಮುಖ್ಯವಾಗಿ ಕೌಶಲ ತರಬೇತಿಗೆ ಮೀಸಲಾಗಿರುವುದರಿಂದ ಹೆಸರು ಒಂದೇ ಆದರೂ ಅವುಗಳ ಪ್ರಶ್ನೆಗಳು ಬೇರೆ. ಕರ್ನಾಟಕದ ಓದುಗರಿಗೆ ಹೆಚ್ಚು ಹತ್ತಿರದ ಉದಾಹರಣೆಗಳೆಂದರೆ ಶಾಲೆಗಳಲ್ಲಿ ವರ್ಷಾರಂಭಕ್ಕೆ ನಡೆಯುವ ಸೇತುಬಂಧ ಮತ್ತು ಪರಿಹಾರ ಬೋಧನೆ, ಹಾಗೂ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಗೊತ್ತುಮಾಡಿದ್ದ, ಕ್ರೆಡಿಟ್ ಇಲ್ಲದಿದ್ದರೂ ತೇರ್ಗಡೆಯಾಗಲೇಬೇಕಾದ ಹೆಚ್ಚುವರಿ ಗಣಿತದ ಪತ್ರಿಕೆ. ಹಿಂದುಳಿದದ್ದನ್ನು ಮೊದಲು ತುಂಬಿಸಿ ಆಮೇಲೆ ಮುಂದಕ್ಕೆ ಬಿಡಬೇಕೆ, ಅಥವಾ ಮುಂದಕ್ಕೆ ಬಿಟ್ಟು ನಡೆಯುತ್ತಿರುವಾಗಲೇ ತುಂಬಿಸಬೇಕೆ ಎಂಬುದು ಈ ಎಲ್ಲ ಏರ್ಪಾಡುಗಳಿಗೂ ಸಮಾನವಾದ ಪ್ರಶ್ನೆ. ಅಮೆರಿಕದ ಸಮುದಾಯ ಕಾಲೇಜುಗಳು ಅರ್ಧ ಶತಮಾನದ ಕಾಲ ಮೊದಲನೆಯ ದಾರಿಯಲ್ಲಿ ನಡೆದು, ಈಚಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಎರಡನೆಯದಕ್ಕೆ ಹೊರಳಿವೆ. ಶಿಕ್ಷಣದ ಚರಿತ್ರೆಯಲ್ಲಿ ಇಷ್ಟು ದೊಡ್ಡ ವ್ಯವಸ್ಥೆಯೊಂದು ಪ್ರಯೋಗದ ಫಲಿತಾಂಶಗಳನ್ನು ನೋಡಿ ತನ್ನ ದಾರಿಯನ್ನು ಬದಲಿಸಿದ ಸಂದರ್ಭಗಳು ಅಪರೂಪವಾದ್ದರಿಂದ ಈ ಹೊರಳುವಿಕೆ ವಿವರವಾದ ಪರಿಶೀಲನೆಗೆ ಅರ್ಹವಾಗಿದೆ.

ಹಿನ್ನೆಲೆ

ಕಾಲೇಜಿಗೆ ಬಂದವರಲ್ಲಿ ತಯಾರಿ ಸಾಲದು ಎಂಬ ಕೊರಗು ಸಮುದಾಯ ಕಾಲೇಜುಗಳಿಗಿಂತ ಬಹಳ ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು 1849ರಲ್ಲಿ ಪಾಠ ಆರಂಭಿಸಿದಾಗ ನಡೆದ ಮೊದಲ ತರಗತಿಯೇ ಪೂರ್ವಸಿದ್ಧತಾ ತರಗತಿಯಾಗಿತ್ತು. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿ, ಶ್ರೀಮಂತ ಮನೆತನಗಳ ಹುಡುಗರಲ್ಲೂ ಅನೇಕರಿಗೆ ನೆಟ್ಟಗೆ ಬರೆಯಲು ಬಾರದೆಂದು ಕಂಡುಕೊಂಡಿತು. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದ ಜೂನಿಯರ್ ಕಾಲೇಜನ್ನು ಎರಡು ವರ್ಷಗಳ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದೆಂದು ಪರಿಗಣಿಸಲಾಗುತ್ತದೆ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿನ ವೆಚ್ಚವನ್ನು ಸರ್ಕಾರವೇ ವಹಿಸಿಕೊಂಡ 1944ರ ಕಾಯಿದೆ, ಉನ್ನತ ಶಿಕ್ಷಣವನ್ನು ಮನೆಬಾಗಿಲಿಗೆ ಒಯ್ಯಬೇಕೆಂದ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿ, ಪ್ರತಿಯೊಬ್ಬರಿಗೂ ಕಾಲೇಜಿನಲ್ಲಿ ಜಾಗವಿರಬೇಕೆಂದು ಯೋಜಿಸಿದ ಕ್ಯಾಲಿಫೋರ್ನಿಯದ 1960ರ ಮಾಸ್ಟರ್ ಪ್ಲ್ಯಾನ್, ಇವುಗಳ ಪ್ರಭಾವದಲ್ಲಿ ಈ ಕಾಲೇಜುಗಳು ಊರೂರಿಗೂ ಹಬ್ಬಿದವು. ಬಡ ಕುಟುಂಬಗಳಿಂದ ಮತ್ತು ಕಾಲೇಜಿನ ಮುಖ ಕಾಣದ ಮನೆಗಳಿಂದ ಬಂದವರಿಗಾಗಿ ಕೇಂದ್ರ ಸರ್ಕಾರವು 1960ರ ದಶಕದಲ್ಲಿ ರೂಪಿಸಿದ, ಟ್ರಿಯೋ ಎಂಬ ಒಟ್ಟು ಹೆಸರಿನ ಕಾರ್ಯಕ್ರಮಗಳು ಟ್ಯೂಟರಿಂಗ್ ಮತ್ತು ಸಲಹಾ ಸೇವೆಗಳಿಗೆ ಮೊದಲ ಬಾರಿಗೆ ನಿಯತವಾದ ಹಣವನ್ನು ಒದಗಿಸಿದವು.

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 1970ರಲ್ಲಿ ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದ ಎಲ್ಲರಿಗೂ ಪ್ರವೇಶ ನೀಡುವ ಧೋರಣೆಯನ್ನು ಜಾರಿಗೆ ತಂದದ್ದು ಈ ಚರಿತ್ರೆಯ ದೊಡ್ಡ ತಿರುವು. ಅಲ್ಲಿ ಬರವಣಿಗೆ ಕಲಿಸುವ ಹೊಣೆ ಹೊತ್ತ ಮೀನಾ ಶಾನೆಸ್ಸಿ ಹೊಸಬರ ಸಾವಿರಾರು ಪ್ರಬಂಧಗಳನ್ನು ತಾಳ್ಮೆಯಿಂದ ಓದಿ, ಅವುಗಳಲ್ಲಿನ ತಪ್ಪುಗಳು ದಡ್ಡತನದ ಗುರುತಲ್ಲ, ಕಲಿಯುವವರು ತಮ್ಮದೇ ತರ್ಕದಿಂದ ಕಟ್ಟಿಕೊಂಡ ನಿಯಮಗಳ ಫಲ ಎಂದು 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಈ ಕ್ಷೇತ್ರದ ನೈತಿಕ ಅಡಿಪಾಯವನ್ನು ಹಾಕಿದ ಕೃತಿ ಅದು. ವಿದ್ಯಾರ್ಥಿಯ ತಪ್ಪನ್ನು ಕೆಂಪುಮಸಿಯಿಂದ ಹೊಡೆದುಹಾಕುವ ಮುನ್ನ ಅದರ ಕಾರಣವನ್ನು ಕೇಳಬೇಕೆಂಬ ಅದರ ನಿಲುವು ಒಳ್ಳೆಯ ಟ್ಯೂಟರ್‌ಗಳ ತರಬೇತಿಯಲ್ಲಿ ಇಂದಿಗೂ ಉಳಿದಿದೆ. ಸುಮಾರು ಅದೇ ಕಾಲದಲ್ಲಿ, 1976ರಲ್ಲಿ, ಈ ಕ್ಷೇತ್ರದ ಅಧ್ಯಾಪಕರ ರಾಷ್ಟ್ರೀಯ ಸಂಘ ಹುಟ್ಟಿತು. ಮುಂದೆ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವೂ ಸೇರಿದಂತೆ ಹಲವು ವ್ಯವಸ್ಥೆಗಳು ಪೂರ್ವಸಿದ್ಧತಾ ತರಗತಿಗಳನ್ನು ನಾಲ್ಕು ವರ್ಷಗಳ ಕಾಲೇಜುಗಳಿಂದ ತೆಗೆದುಹಾಕಿದ್ದರಿಂದ ಆ ಇಡೀ ಹೊರೆ ಸಮುದಾಯ ಕಾಲೇಜುಗಳ ಹೆಗಲಿಗೆ ಬಿತ್ತು.

ಮೆಟ್ಟಿಲುಗಳ ಸರಣಿ ಮತ್ತು ಅದರ ಸೋರಿಕೆ

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದವರೆಗೆ ಬಹುತೇಕ ಎಲ್ಲ ಸಮುದಾಯ ಕಾಲೇಜುಗಳಲ್ಲೂ ಇದ್ದ ವ್ಯವಸ್ಥೆ ಹೀಗಿತ್ತು. ಹೊಸ ವಿದ್ಯಾರ್ಥಿಯು ಸೇರಿದ ಕೂಡಲೇ ಕಂಪ್ಯೂಟರಿನ ಮುಂದೆ ಕುಳಿತು, ಹೆಚ್ಚೆಂದರೆ ಒಂದೆರಡು ಗಂಟೆಗಳ, ಆಯ್ಕೆ ಉತ್ತರಗಳ ಮಟ್ಟ ನಿರ್ಣಯ ಪರೀಕ್ಷೆಯನ್ನು ಬರೆಯುತ್ತಿದ್ದ. ಅದರಲ್ಲಿ ಬಂದ ಅಂಕದ ಪ್ರಕಾರ ಅವನನ್ನು ಕಾಲೇಜು ಮಟ್ಟಕ್ಕಾಗಲಿ, ಅದಕ್ಕಿಂತ ಒಂದು, ಎರಡು, ಮೂರು ಅಥವಾ ಅದಕ್ಕೂ ಹೆಚ್ಚು ಮೆಟ್ಟಿಲು ಕೆಳಗಿನ ತರಗತಿಗಾಗಲಿ ಕಳುಹಿಸಲಾಗುತ್ತಿತ್ತು. ಗಣಿತದಲ್ಲಿ ಕೂಡುವುದು ಕಳೆಯುವುದರಿಂದ ಮೊದಲಾಗಿ ಬೀಜಗಣಿತದ ಆರಂಭ, ಮಧ್ಯಮ ಬೀಜಗಣಿತ ಎಂದು ಏರುತ್ತಿದ್ದ ಈ ಸರಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಸೆಮಿಸ್ಟರ್ ಬೇಕಾಗುತ್ತಿತ್ತು. ಈ ತರಗತಿಗಳಿಗೆ ಶುಲ್ಕ ಕಟ್ಟಬೇಕು, ತೇರ್ಗಡೆಯಾಗಬೇಕು, ಆದರೆ ಅಲ್ಲಿ ಗಳಿಸಿದ ಕ್ರೆಡಿಟ್ ಪದವಿಗೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇಂತಹ ತರಗತಿಗಳಿಗೆ 30 ಕ್ರೆಡಿಟ್‌ಗಳ ತನಕ ಮಾತ್ರ ಸಿಗುವುದರಿಂದಲೂ, ಬಡವರ ಮುಖ್ಯ ಆಸರೆಯಾದ ಪೆಲ್ ಅನುದಾನಕ್ಕೆ ಜೀವಮಾನದಲ್ಲಿ 12 ಸೆಮಿಸ್ಟರ್‌ಗಳ ಮಿತಿ ಇರುವುದರಿಂದಲೂ, ಕೆಳಗಿನ ಮೆಟ್ಟಿಲಲ್ಲಿ ಕಳೆದ ಪ್ರತಿ ಸೆಮಿಸ್ಟರ್ ಮುಂದಿನ ಓದಿನ ಹಣವನ್ನು ತಿನ್ನುತ್ತಿತ್ತು.

ಈ ಸರಣಿಗೆ ಒಳಗಾದವರು ಅಲ್ಪಸಂಖ್ಯಾತರಾಗಿರಲಿಲ್ಲ. 2003-04ರಲ್ಲಿ ಕಾಲೇಜು ಸೇರಿದವರನ್ನು ಹಿಂಬಾಲಿಸಿದ ಕೇಂದ್ರ ಶಿಕ್ಷಣ ಅಂಕಿಅಂಶ ಸಂಸ್ಥೆಯ ಅಧ್ಯಯನದ ಪ್ರಕಾರ ಎರಡು ವರ್ಷಗಳ ಸಾರ್ವಜನಿಕ ಕಾಲೇಜುಗಳಿಗೆ ಸೇರಿದವರಲ್ಲಿ 68 ಶೇಕಡಾ ಮಂದಿ ಕನಿಷ್ಠ ಒಂದು ಪೂರ್ವಸಿದ್ಧತಾ ತರಗತಿಯನ್ನು ತೆಗೆದುಕೊಂಡಿದ್ದರು. ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿರುವ ಸಮುದಾಯ ಕಾಲೇಜು ಸಂಶೋಧನಾ ಕೇಂದ್ರದ ಥಾಮಸ್ ಬೈಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಕಟುವಾದ ಚಿತ್ರವನ್ನು ಮುಂದಿಟ್ಟಿತು: ಗಣಿತದ ಸರಣಿಗೆ ಕಳುಹಿಸಲ್ಪಟ್ಟವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿ ಮಾತ್ರ ಅದನ್ನು ಮೂರು ವರ್ಷಗಳೊಳಗೆ ಮುಗಿಸಿದ್ದರು, ಮೂರು ಅಥವಾ ಹೆಚ್ಚು ಮೆಟ್ಟಿಲು ಕೆಳಗೆ ನಿಂತವರಲ್ಲಿ ಈ ಪ್ರಮಾಣ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೆಚ್ಚು ಗಮನಿಸಬೇಕಾದ ಸಂಗತಿಯೆಂದರೆ ದಾರಿಯಲ್ಲಿ ನಿಂತುಹೋದವರಲ್ಲಿ ಬಹುಮಂದಿ ಯಾವ ತರಗತಿಯಲ್ಲೂ ಅನುತ್ತೀರ್ಣರಾದವರಲ್ಲ. ಸುಮಾರು 30 ಶೇಕಡಾ ಮಂದಿ ಮೊದಲ ತರಗತಿಗೆ ಹೆಸರನ್ನೇ ಬರೆಸಿರಲಿಲ್ಲ, ಇನ್ನೂ ಕೆಲವರು ಒಂದನ್ನು ಮುಗಿಸಿ ಮುಂದಿನದಕ್ಕೆ ಮರಳಿರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳವಾದದ್ದು. ಒಬ್ಬ ವಿದ್ಯಾರ್ಥಿ ಕಾಲೇಜು ಮಟ್ಟದ ಗಣಿತವನ್ನು ಮುಗಿಸಲು ಹೆಸರು ಬರೆಸುವುದು, ತೇರ್ಗಡೆಯಾಗುವುದು, ಮತ್ತೆ ಹೆಸರು ಬರೆಸುವುದು ಹೀಗೆ ಐದು ಹಂತಗಳನ್ನು ದಾಟಬೇಕೆಂದೂ ಪ್ರತಿ ಹಂತದಲ್ಲೂ ನೂರಕ್ಕೆ ಎಂಬತ್ತು ಮಂದಿ ದಾಟುತ್ತಾರೆಂದೂ ಇಟ್ಟುಕೊಂಡರೆ, ಕೊನೆಗೆ ಉಳಿಯುವವರು ನೂರಕ್ಕೆ 33ರಷ್ಟು ಮಾತ್ರ. ಪ್ರತಿಯೊಬ್ಬ ಅಧ್ಯಾಪಕನೂ ತನ್ನ ತರಗತಿಯಲ್ಲಿ ಎಂಬತ್ತು ಮಂದಿಯನ್ನು ದಾಟಿಸಿದೆನೆಂದು ನೆಮ್ಮದಿಪಡುತ್ತಿರುವಾಗಲೇ ಮೂರರಲ್ಲಿ ಎರಡು ಪಾಲು ಕರಗಿಹೋಗಿರುತ್ತದೆ. ತರಗತಿಯೊಳಗಿನ ಬೋಧನೆಯನ್ನು ಎಷ್ಟು ಉತ್ತಮಪಡಿಸಿದರೂ ಸರಣಿಯ ಉದ್ದವನ್ನು ಕಡಿಮೆ ಮಾಡದೆ ಫಲವಿಲ್ಲವೆಂಬ ವಾದವನ್ನು, ಕ್ಯಾಲಿಫೋರ್ನಿಯದ ಚಬೋ ಕಾಲೇಜಿನ ಕೇಟಿ ಹರ್ನ್ ಮತ್ತು ಲಾಸ್ ಮೆಡನೋಸ್ ಕಾಲೇಜಿನ ಮೈರಾ ಸ್ನೆಲ್ ಈ ಲೆಕ್ಕದ ಮೇಲೆಯೇ ಕಟ್ಟಿ, 2010ರಿಂದ ರಾಜ್ಯದಾದ್ಯಂತ ಅಧ್ಯಾಪಕರ ನಡುವೆ ಪ್ರಚಾರ ಮಾಡಿದರು. ದುಡಿಮೆ, ಮಗುವಿನ ಜ್ವರ, ಕೆಟ್ಟುನಿಂತ ಕಾರು, ಬದಲಾದ ಪಾಳಿ ಇವುಗಳಲ್ಲಿ ಯಾವುದಾದರೊಂದು ವಿದ್ಯಾರ್ಥಿಯನ್ನು ಹೊರಗೆಳೆಯಲು ಎರಡು ಸೆಮಿಸ್ಟರ್‌ಗಳ ನಡುವಿನ ರಜೆಯೇ ಸಾಕು ಎಂಬುದನ್ನು ಅರಿತವರಿಗೆ ಈ ವಾದದ ಬಲ ಕೂಡಲೇ ತಿಳಿಯುತ್ತದೆ.

ಮಟ್ಟವನ್ನು ನಿರ್ಣಯಿಸುವ ಬಗೆ

ಸರಣಿಯ ಉದ್ದದಷ್ಟೇ ದೊಡ್ಡ ದೋಷ ಅದರ ಹೊಸ್ತಿಲಲ್ಲಿತ್ತು. ಅದೇ ಸಂಶೋಧನಾ ಕೇಂದ್ರದ ಜುಡಿತ್ ಸ್ಕಾಟ್ ಕ್ಲೇಟನ್ 2012ರಲ್ಲಿ ನಡೆಸಿದ ವಿಶ್ಲೇಷಣೆಯಿಂದ ಮಟ್ಟ ನಿರ್ಣಯ ಪರೀಕ್ಷೆಗಳು ಗಣಿತದಲ್ಲಿ ಸುಮಾರು ನಾಲ್ಕರಲ್ಲೊಬ್ಬರನ್ನೂ ಇಂಗ್ಲಿಷಿನಲ್ಲಿ ಸುಮಾರು ಮೂವರಲ್ಲೊಬ್ಬರನ್ನೂ ತಪ್ಪು ಜಾಗಕ್ಕೆ ಕಳುಹಿಸುತ್ತಿವೆ ಎಂದು ಕಂಡುಬಂತು. ಅರ್ಹರಲ್ಲದವರನ್ನು ಮೇಲಕ್ಕೆ ಕಳುಹಿಸುವುದಕ್ಕಿಂತ, ನೇರವಾಗಿ ಕಾಲೇಜು ಮಟ್ಟದಲ್ಲಿ ಗೆಲ್ಲಬಹುದಾಗಿದ್ದವರನ್ನು ಕೆಳಗೆ ತಳ್ಳುವ ತಪ್ಪೇ ಹೆಚ್ಚಾಗಿತ್ತು. ಒಂದೇ ಬೆಳಗ್ಗೆಯ ಪರೀಕ್ಷೆಗಿಂತ ಪ್ರೌಢಶಾಲೆಯ ನಾಲ್ಕು ವರ್ಷಗಳ ಸರಾಸರಿ ಅಂಕವು ವಿದ್ಯಾರ್ಥಿಯ ಮುಂದಿನ ಓದನ್ನು ಚೆನ್ನಾಗಿ ಸೂಚಿಸುತ್ತದೆ, ಏಕೆಂದರೆ ಅದು ತಿಳಿವಳಿಕೆಯ ಜೊತೆಗೆ ನಿತ್ಯ ಬರುವ, ಕೆಲಸ ಮುಗಿಸುವ, ಸೋತರೂ ಮರಳುವ ಅಭ್ಯಾಸವನ್ನೂ ಅಳೆಯುತ್ತದೆ. ಲಾಂಗ್ ಬೀಚ್ ನಗರ ಕಾಲೇಜು 2012ರಲ್ಲಿ ಪ್ರೌಢಶಾಲೆಯ ಅಂಕಗಳನ್ನು ಆಧರಿಸಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಆರಂಭಿಸಿದಾಗ ನೇರವಾಗಿ ಕಾಲೇಜು ಮಟ್ಟಕ್ಕೆ ಹೋದವರ ಸಂಖ್ಯೆ ಹಲವು ಪಟ್ಟು ಏರಿತು. ನ್ಯೂಯಾರ್ಕ್ ರಾಜ್ಯದ ಏಳು ಸಮುದಾಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ ನಡೆಸಿದ ಪ್ರಯೋಗದಲ್ಲಿ, ಹಲವು ಅಳತೆಗಳನ್ನು ಕೂಡಿಸಿ ನೋಡಿದಾಗ ಮೇಲಿನ ತರಗತಿಗೆ ಬಡ್ತಿ ಪಡೆದವರು ಲಾಭ ಪಡೆದರು, ಕೆಳಕ್ಕೆ ಇಳಿದವರು ಹಿಂದೆಬಿದ್ದರು. ವ್ಯಾಪಕವಾಗಿ ಬಳಕೆಯಲ್ಲಿದ್ದ ಕಂಪಾಸ್ ಎಂಬ ಪರೀಕ್ಷೆಯನ್ನು ಅದನ್ನು ರೂಪಿಸಿದ ಸಂಸ್ಥೆಯೇ 2016ರಲ್ಲಿ ಹಿಂತೆಗೆದುಕೊಂಡಿತು.

ಜೊತೆಪಾಠ ಪದ್ಧತಿ

ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿ ಸಮುದಾಯ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕ ಪೀಟರ್ ಆಡಮ್ಸ್ 2007ರಲ್ಲಿ ಆರಂಭಿಸಿದ ಏರ್ಪಾಡು ಮುಂದಿನ ಸುಧಾರಣೆಗಳಿಗೆಲ್ಲ ಮಾದರಿಯಾಯಿತು. ಪೂರ್ವಸಿದ್ಧತಾ ಬರವಣಿಗೆಗೆ ಕಳುಹಿಸಬೇಕಾಗಿದ್ದ ಎಂಟು ವಿದ್ಯಾರ್ಥಿಗಳನ್ನು ಅಲ್ಲಿ ಇತರ ಹನ್ನೆರಡು ಮಂದಿಯೊಂದಿಗೆ ಕಾಲೇಜು ಮಟ್ಟದ ಇಂಗ್ಲಿಷ್ ತರಗತಿಯಲ್ಲೇ ಕೂರಿಸಲಾಯಿತು. ಆ ಎಂಟು ಮಂದಿಗೆ ಮಾತ್ರ, ಅದೇ ಅಧ್ಯಾಪಕರು, ಅದೇ ಸೆಮಿಸ್ಟರಿನಲ್ಲಿ ಇನ್ನೊಂದು ಚಿಕ್ಕ ತರಗತಿಯನ್ನು ನಡೆಸಿ, ಮುಖ್ಯ ತರಗತಿಯ ಪ್ರಬಂಧವನ್ನು ಹೇಗೆ ಆರಂಭಿಸುವುದು, ಕೊಟ್ಟ ಪಾಠವನ್ನು ಹೇಗೆ ಓದುವುದು, ಕೆಲಸದ ಪಾಳಿಗಳ ನಡುವೆ ಬರೆಯಲು ಸಮಯವನ್ನು ಎಲ್ಲಿಂದ ತೆಗೆಯುವುದು ಎಂಬುದನ್ನು ಒಟ್ಟಿಗೆ ನೋಡುತ್ತಿದ್ದರು. ಹೀಗೆ ಕಾಲೇಜು ಮಟ್ಟದ ಕೋರ್ಸಿಗೆ ಅಂಟಿಕೊಂಡೇ ನಡೆಯುವ ನೆರವಿನ ತರಗತಿಯನ್ನು ಜೊತೆಪಾಠ ಎನ್ನಬಹುದು. ಹಳೆಯ ಸರಣಿಯಲ್ಲಿದ್ದವರಿಗಿಂತ ಇವರಲ್ಲಿ ಮೊದಲ ಹಾಗೂ ಎರಡನೆಯ ಕಾಲೇಜು ಇಂಗ್ಲಿಷ್ ಕೋರ್ಸುಗಳನ್ನು ಮುಗಿಸಿದವರು ಎದ್ದುಕಾಣುವಷ್ಟು ಹೆಚ್ಚಾಗಿದ್ದರು. ಆದರೆ 2012ರ ಮೌಲ್ಯಮಾಪನವು ಇನ್ನೊಂದನ್ನೂ ಗುರುತಿಸಿತು: ಇವರ ಜೊತೆ ಕುಳಿತ ಹನ್ನೆರಡು ಮಂದಿಯ ಗುಂಪಿನವರು ಆ ಕೋರ್ಸಿನಲ್ಲಿ ಚೆನ್ನಾಗಿಯೇ ಮಾಡಿದರೂ ಮುಂದಿನ ಕೋರ್ಸುಗಳಲ್ಲಿ ಸ್ವಲ್ಪ ಹಿಂದೆ ಬಿದ್ದಿದ್ದರು. ಇದನ್ನು ಸುಧಾರಣೆಯ ಸಮರ್ಥಕರು ಅಷ್ಟಾಗಿ ಚರ್ಚಿಸದಿರುವುದು ಸರಿಯಲ್ಲ.

ಗಣಿತದಲ್ಲಿ ಜೊತೆಪಾಠದೊಂದಿಗೆ ಮತ್ತೊಂದು ಮೂಲಭೂತ ಪ್ರಶ್ನೆಯೂ ಬಂತು. ದಾದಿಯಾಗಲು, ಸಮಾಜ ಕಾರ್ಯಕರ್ತನಾಗಲು, ಇತಿಹಾಸ ಓದಲು ಹೊರಟವರು ಕಲನಶಾಸ್ತ್ರದ ದಾರಿಯಲ್ಲಿರುವ ಬೀಜಗಣಿತವನ್ನೇ ಏಕೆ ದಾಟಬೇಕು, ಅವರ ಬದುಕಿಗೂ ವೃತ್ತಿಗೂ ಹೆಚ್ಚು ಬೇಕಾಗುವ ಸಂಖ್ಯಾಶಾಸ್ತ್ರವನ್ನು ಏಕೆ ಕಲಿಸಬಾರದು ಎಂಬುದು ಆ ಪ್ರಶ್ನೆ. ಕಾರ್ನೆಗಿ ಪ್ರತಿಷ್ಠಾನದ ಸ್ಟ್ಯಾಟ್‌ವೇ ಮತ್ತು ಕ್ವಾಂಟ್‌ವೇ ಎಂಬ ಕೋರ್ಸುಗಳು, ಟೆಕ್ಸಸ್ ವಿಶ್ವವಿದ್ಯಾಲಯದ ಡೇನಾ ಕೇಂದ್ರವು ಯೂರಿ ಟ್ರೈಸ್ಮನ್ ನೇತೃತ್ವದಲ್ಲಿ ರೂಪಿಸಿದ ಗಣಿತದ ಬೇರೆಬೇರೆ ದಾರಿಗಳು ಇದಕ್ಕೆ ಉತ್ತರವಾಗಿ ಹುಟ್ಟಿದವು. ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ಒದಗಿಸಿದ್ದು ಅಲೆಗ್ಸಾಂಡ್ರ ಲೋಗ್ ಮತ್ತು ಸಂಗಡಿಗರು 2013ರಲ್ಲಿ ನ್ಯೂಯಾರ್ಕ್ ನಗರದ ಮೂರು ಸಮುದಾಯ ಕಾಲೇಜುಗಳಲ್ಲಿ ನಡೆಸಿದ ಪ್ರಯೋಗ. ಆರಂಭಿಕ ಬೀಜಗಣಿತಕ್ಕೆ ಕಳುಹಿಸಬೇಕಾಗಿದ್ದ 907 ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಎಂದಿನ ಬೀಜಗಣಿತವನ್ನೂ ಎರಡನೆಯದಕ್ಕೆ ವಾರಕ್ಕೊಂದು ಕಾರ್ಯಾಗಾರದೊಂದಿಗೆ ಅದೇ ಬೀಜಗಣಿತವನ್ನೂ ಮೂರನೆಯದಕ್ಕೆ ಕಾರ್ಯಾಗಾರದೊಂದಿಗೆ ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರವನ್ನೂ ಕಲಿಸಲಾಯಿತು. ಮೂರನೆಯ ಗುಂಪಿನಲ್ಲಿ ಸುಮಾರು 56 ಶೇಕಡಾ ತೇರ್ಗಡೆಯಾದರೆ ಮೊದಲನೆಯದರಲ್ಲಿ 39, ಎರಡನೆಯದರಲ್ಲಿ 45 ಶೇಕಡಾ ಆದರು; ಮೇಲಿನ ಕೋರ್ಸು ಕೆಳಗಿನದಕ್ಕಿಂತ ಹೆಚ್ಚು ಮಂದಿಯನ್ನು ದಾಟಿಸಿತ್ತು. ವರ್ಷಗಳ ನಂತರ ನೋಡಿದಾಗ ಪದವಿ ಮುಗಿಸಿದವರೂ ಆ ಗುಂಪಿನಲ್ಲೇ ಹೆಚ್ಚಾಗಿದ್ದರು.

ಇಂತಹ ಫಲಿತಾಂಶಗಳು ಶಾಸನಸಭೆಗಳನ್ನು ತಲುಪಿದವು. ಫ್ಲಾರಿಡ ರಾಜ್ಯವು 2013ರ ಕಾಯಿದೆಯಿಂದ ಈಚೆಗೆ ಪ್ರೌಢಶಾಲೆ ಮುಗಿಸಿದವರಿಗೆ ಪರೀಕ್ಷೆಯಿಂದಲೂ ಪೂರ್ವಸಿದ್ಧತಾ ತರಗತಿಗಳಿಂದಲೂ ವಿನಾಯಿತಿ ನೀಡಿತು. ಟೆನೆಸಿಯ ಸಮುದಾಯ ಕಾಲೇಜುಗಳು 2015ರಲ್ಲಿ ಒಟ್ಟಾಗಿ ಜೊತೆಪಾಠಕ್ಕೆ ಬದಲಾದವು. ಟೆಕ್ಸಸ್ 2017ರಲ್ಲಿ ಹಂತಹಂತವಾಗಿ ಅದನ್ನು ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯ ಅದೇ ವರ್ಷ ಎಬಿ 705 ಎಂಬ ಕಾಯಿದೆಯ ಮೂಲಕ, ಮೇಲಿನ ಕೋರ್ಸಿನಲ್ಲಿ ಗೆಲ್ಲುವ ಸಂಭವ ತೀರಾ ಕಡಿಮೆಯೆಂದು ಕಾಲೇಜೇ ತೋರಿಸಿದ ಹೊರತು ಯಾರನ್ನೂ ಕೆಳಗಿನ ತರಗತಿಗೆ ಕಳುಹಿಸಬಾರದೆಂದು ವಿಧಿಸಿ, ಸಾಕ್ಷ್ಯ ಒದಗಿಸುವ ಹೊಣೆಯನ್ನು ವಿದ್ಯಾರ್ಥಿಯಿಂದ ಸಂಸ್ಥೆಗೆ ವರ್ಗಾಯಿಸಿತು. ಹೊಣೆಯ ಈ ವರ್ಗಾವಣೆಯೇ ಇಡೀ ಸುಧಾರಣೆಯ ತಿರುಳು. ಎಲ್ಲೆಡೆಯೂ ಮೊದಲ ವರ್ಷದಲ್ಲೇ ಕಾಲೇಜು ಮಟ್ಟದ ಗಣಿತ ಮತ್ತು ಇಂಗ್ಲಿಷ್ ಮುಗಿಸಿದವರ ಸಂಖ್ಯೆ ಏರಿತು. ಅದರ ಜೊತೆಗೇ, ಟೆನೆಸಿಯ ಅಂಕಿಅಂಶಗಳನ್ನು ಶೋಧಿಸಿದ ಸಂಶೋಧಕರು, ಆ ಕೋರ್ಸನ್ನು ದಾಟಿದವರು ಹೆಚ್ಚಿದರೂ ಪದವಿಯನ್ನು ಮುಗಿಸಿದವರು ಅದರಿಂದಲೇ ಹೆಚ್ಚಲಿಲ್ಲವೆಂದು ಕಂಡರು. ಹೊಸ್ತಿಲನ್ನು ದಾಟಿಸುವುದು ಒಂದು ಕೆಲಸ, ಮನೆಯೊಳಗೆ ಉಳಿಸಿಕೊಳ್ಳುವುದು ಇನ್ನೊಂದು.

ಟ್ಯೂಟರಿಂಗ್ ಸೇವೆಗಳು

ಕರ್ನಾಟಕದಲ್ಲಿ ಟ್ಯೂಷನ್ ಎಂದರೆ ಸಾಮಾನ್ಯವಾಗಿ ಹಣ ಕೊಟ್ಟು ಹೊರಗೆ ಹೇಳಿಸಿಕೊಳ್ಳುವ ಪಾಠವಾದರೆ, ಸಮುದಾಯ ಕಾಲೇಜುಗಳ ಟ್ಯೂಟರಿಂಗ್ ಎಂಬುದು ಕಾಲೇಜೇ ಉಚಿತವಾಗಿ, ಬಹುಮಟ್ಟಿಗೆ ಗ್ರಂಥಾಲಯದ ಒಂದು ಭಾಗದಲ್ಲೋ ಪ್ರತ್ಯೇಕ ಕಲಿಕಾ ಕೇಂದ್ರದಲ್ಲೋ ಒದಗಿಸುವ ನೆರವು. ನೆರವಾಗುವವರಲ್ಲಿ ಅದೇ ಕೋರ್ಸನ್ನು ಒಳ್ಳೆಯ ದರ್ಜೆಯಲ್ಲಿ ಮುಗಿಸಿದ ಹಿರಿಯ ವಿದ್ಯಾರ್ಥಿಗಳು ಹೆಚ್ಚು. ಇವರ ವೇತನ ಹಲವೆಡೆ, ಓದುತ್ತಲೇ ದುಡಿಯುವವರಿಗಾಗಿ ಕೇಂದ್ರ ಸರ್ಕಾರ ನೀಡುವ ಅನುದಾನದಿಂದ ಬರುತ್ತದೆ. ಪದವಿ ಪಡೆದ ವೃತ್ತಿಪರ ಟ್ಯೂಟರ್‌ಗಳೂ ನಿವೃತ್ತ ಅಧ್ಯಾಪಕರೂ ಉಳಿದ ಭಾಗವನ್ನು ತುಂಬುತ್ತಾರೆ. ಈ ಕೆಲಸಕ್ಕೆ ತರಬೇತಿಯ ಮಾನದಂಡವನ್ನು ಕಾಲೇಜು ಓದು ಮತ್ತು ಕಲಿಕಾ ಸಂಘವು 1989ರಿಂದ ನಿಗದಿಪಡಿಸಿದೆ. ಅದರ ಮೊದಲ ಹಂತದ ಪ್ರಮಾಣಪತ್ರಕ್ಕೆ ಹತ್ತು ಗಂಟೆಗಳ ತರಬೇತಿ ಮತ್ತು 25 ಗಂಟೆಗಳ ನಿಜವಾದ ಟ್ಯೂಟರಿಂಗ್ ಅನುಭವ ಬೇಕು. ಆ ತರಬೇತಿಯಲ್ಲಿ ವಿಷಯಜ್ಞಾನಕ್ಕಿಂತ ಹೆಚ್ಚಾಗಿ ಕಲಿಸುವುದು ಸಂಯಮವನ್ನು: ವಿದ್ಯಾರ್ಥಿಯ ಕೈಯಿಂದ ಪೆನ್ಸಿಲನ್ನು ತೆಗೆದುಕೊಳ್ಳದಿರುವುದು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು, ಲೆಕ್ಕ ಎಲ್ಲಿ ತಪ್ಪಿತೆಂದು ತೋರಿಸುವ ಬದಲು ಅವನೇ ತನ್ನ ಹೆಜ್ಜೆಗಳನ್ನು ಬಾಯಿಬಿಟ್ಟು ಹೇಳುವಂತೆ ಮಾಡುವುದು, ತನ್ನ ಅಳವಿಗೆ ಮೀರಿದ ಮನಸ್ಸಿನ ಸಂಕಟ ಕಂಡಾಗ ಆಪ್ತಸಮಾಲೋಚಕರ ಬಳಿಗೆ ಕರೆದೊಯ್ಯುವುದು. ಪ್ರಬಂಧಗಳ ವಿಷಯದಲ್ಲಿ ಬರವಣಿಗೆ ಕೇಂದ್ರಗಳು ಪಾಲಿಸುವ ತತ್ವವೂ ಇದೇ ಜಾತಿಯದು. ಸ್ಟೀಫನ್ ನಾರ್ತ್ 1984ರಲ್ಲಿ ಬರೆದ ಪ್ರಭಾವಶಾಲಿ ಲೇಖನವೊಂದರಲ್ಲಿ, ಕೇಂದ್ರದ ಗುರಿ ಒಂದು ಬರಹವನ್ನು ತಿದ್ದುವುದಕ್ಕಿಂತ ಬರೆಯುವವನನ್ನು ಬೆಳೆಸುವುದಾಗಿರಬೇಕೆಂದು ವಾದಿಸಿದರು.

ಈ ಸೇವೆಯ ದೊಡ್ಡ ತೊಡಕು ಅದರ ಗುಣಮಟ್ಟದಲ್ಲಿಲ್ಲ, ಅದರ ಬಳಕೆಯಲ್ಲಿದೆ. ನೆರವು ಕೇಳುವ ನಡವಳಿಕೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಸ್ಟುವರ್ಟ್ ಕ್ಯಾರಬೆನಿಕ್ 1988ರಲ್ಲಿ ಸಹಲೇಖಕರೊಂದಿಗೆ ತೋರಿಸಿದಂತೆ, ಹೆಚ್ಚು ಕೇಳುವವರು ನಡುಮಟ್ಟದ ವಿದ್ಯಾರ್ಥಿಗಳು. ತೀರಾ ಹಿಂದುಳಿದವರು ಕೇಳುವುದು ಕಡಿಮೆ. ಅಗತ್ಯ ಹೆಚ್ಚಿದಷ್ಟೂ ಸಂಕೋಚವೂ ಹೆಚ್ಚುತ್ತದೆ, ಏನನ್ನು ಕೇಳಬೇಕೆಂಬುದೇ ತಿಳಿಯದಷ್ಟು ಗೊಂದಲವೂ ಇರುತ್ತದೆ. ಮೇಲಾಗಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ತೆರೆದಿರುವ ಕೇಂದ್ರವು ಅದೇ ಹೊತ್ತಿನಲ್ಲಿ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿಯುವವನಿಗೆ ಮುಚ್ಚಿದ ಬಾಗಿಲೇ ಸರಿ. ಆದ್ದರಿಂದ ಬಾಗಿಲು ತೆರೆದು ಕಾಯುವ ಕೇಂದ್ರವೊಂದರಿಂದಲೇ ಸೇವೆ ಮುಗಿಯಿತೆಂದುಕೊಳ್ಳುವುದು ಅಗತ್ಯ ಕಡಿಮೆ ಇರುವವರಿಗೇ ಹೆಚ್ಚು ಬಡಿಸಿದಂತಾಗುತ್ತದೆ.

ಇದಕ್ಕೆ ಪರಿಹಾರವಾಗಿ ನೆರವನ್ನೇ ತರಗತಿಯೊಳಕ್ಕೆ ತರುವ ಪ್ರಯತ್ನಗಳಲ್ಲಿ ಅತ್ಯಂತ ಹಳೆಯದೂ ವ್ಯಾಪಕವಾದದ್ದೂ ಮಿಸೂರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಶಾಖೆಯಲ್ಲಿ ಡಿಯಾನ ಮಾರ್ಟಿನ್ 1973ರಲ್ಲಿ ರೂಪಿಸಿದ ಪೂರಕ ಬೋಧನೆಯ ಪದ್ಧತಿ. ಹಿಂದುಳಿದ ವಿದ್ಯಾರ್ಥಿಗಳನ್ನು ಗುರುತಿಸುವ ಬದಲು ಹೆಚ್ಚು ಮಂದಿ ಅನುತ್ತೀರ್ಣರಾಗುವ ಅಥವಾ ನಡುವೆಯೇ ಬಿಟ್ಟುಹೋಗುವ ಕೋರ್ಸುಗಳನ್ನು ಗುರುತಿಸುವುದು ಇದರ ಹೆಚ್ಚಳ. ಆ ಕೋರ್ಸನ್ನು ಹಿಂದೆ ಚೆನ್ನಾಗಿ ಮುಗಿಸಿದ ವಿದ್ಯಾರ್ಥಿಯೊಬ್ಬರು ಎಲ್ಲರೊಂದಿಗೆ ಮತ್ತೆ ಪಾಠ ಕೇಳಿ, ಟಿಪ್ಪಣಿ ಬರೆದು, ವಾರದಲ್ಲಿ ಕೆಲವು ಸಲ ಬಿಡುವಿನ ವೇಳೆಯಲ್ಲಿ ಗುಂಪಿನ ಅಭ್ಯಾಸವನ್ನು ನಡೆಸುತ್ತಾರೆ. ಕಷ್ಟವಾಗಿರುವುದು ಕೋರ್ಸೇ ಹೊರತು ಕುಳಿತವರಲ್ಲವೆಂಬ ಧಾಟಿ ಇರುವುದರಿಂದ ಬರುವವರಿಗೆ ನಾಚಿಕೆ ಇಲ್ಲ. ಇದೇ ಜಾಡಿನಲ್ಲಿ ಈಗ ಅನೇಕ ಕಾಲೇಜುಗಳು ಜೊತೆಪಾಠದ ತರಗತಿಗಳಲ್ಲೇ ಟ್ಯೂಟರ್ ಒಬ್ಬರನ್ನು ಕೂರಿಸುತ್ತವೆ. ಎರಡು ವಾರ ಬಾರದವರ ಅಥವಾ ಮೊದಲ ಕಿರುಪರೀಕ್ಷೆಯಲ್ಲಿ ಸೋತವರ ಹೆಸರನ್ನು ಅಧ್ಯಾಪಕರು ಸಲಹೆಗಾರರಿಗೆ ತಿಳಿಸುವ ಮುನ್ನೆಚ್ಚರಿಕೆಯ ಏರ್ಪಾಡು, ರಾತ್ರಿ ಮತ್ತು ವಾರಾಂತ್ಯದ ಆನ್‌ಲೈನ್ ಟ್ಯೂಟರಿಂಗ್ ಇವೂ ಬಳಕೆಯಲ್ಲಿವೆ. ವಾಷಿಂಗ್ಟನ್ ರಾಜ್ಯದ ಐ-ಬೆಸ್ಟ್ ಎಂಬ ಕಾರ್ಯಕ್ರಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೃತ್ತಿ ಕಲಿಸುವ ಅಧ್ಯಾಪಕ ಮತ್ತು ಭಾಷೆ, ಲೆಕ್ಕ ಕಲಿಸುವ ಅಧ್ಯಾಪಕ ಇಬ್ಬರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಪಾಠ ಮಾಡುವಂತೆ ಗೊತ್ತುಮಾಡಿತು. ದಾದಿಯ ಸಹಾಯಕಿಯಾಗಲು ಬಂದವಳು ಔಷಧದ ಪ್ರಮಾಣವನ್ನು ಲೆಕ್ಕಹಾಕುತ್ತಲೇ ಭಿನ್ನರಾಶಿಯನ್ನು ಕಲಿಯುತ್ತಾಳೆ.

ಸಮಗ್ರ ನೆರವು ಮತ್ತು ಅದರ ವೆಚ್ಚ

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ ಆರಂಭಿಸಿದ, ಎಸ್ಯಾಪ್ ಎಂದು ಸಂಕ್ಷೇಪವಾಗಿ ಕರೆಯುವ ಕಾರ್ಯಕ್ರಮವು ಈ ಬಿಡಿ ಸೇವೆಗಳನ್ನು ಒಂದೇ ಕಟ್ಟಿಗೆ ತಂದಿತು. ಸೇರಿದವರು ಪೂರ್ಣಕಾಲಿಕವಾಗಿ ಓದಬೇಕು, ಪೂರ್ವಸಿದ್ಧತಾ ತರಗತಿಗಳಿದ್ದರೆ ಅವನ್ನು ಆರಂಭದಲ್ಲೇ ಮುಗಿಸಬೇಕು, ಅಗತ್ಯವಿದ್ದಾಗ ಟ್ಯೂಟರಿಂಗ್‌ಗೆ ತಪ್ಪದೆ ಹಾಜರಾಗಬೇಕು, ಸಲಹೆಗಾರರನ್ನು ಆಗಾಗ ಕಾಣಬೇಕು. ಇದಕ್ಕೆ ಪ್ರತಿಯಾಗಿ ನೆರವಿನ ಹಣ ಸಾಲದ ಶುಲ್ಕವನ್ನು ಕಾಲೇಜು ಮನ್ನಾ ಮಾಡುತ್ತದೆ, ಪಠ್ಯಪುಸ್ತಕಗಳನ್ನೂ ಸುರಂಗ ರೈಲು ಮತ್ತು ಬಸ್ಸಿನ ಪಾಸನ್ನೂ ಕೊಡುತ್ತದೆ. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯು ಪೂರ್ವಸಿದ್ಧತಾ ತರಗತಿಗಳ ಅಗತ್ಯವಿದ್ದ ವಿದ್ಯಾರ್ಥಿಗಳನ್ನೇ ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗದಲ್ಲಿ, ಮೂರು ವರ್ಷಗಳೊಳಗೆ ಪದವಿ ಪಡೆದವರು ಕಾರ್ಯಕ್ರಮದ ಗುಂಪಿನಲ್ಲಿ 40 ಶೇಕಡಾ ಇದ್ದರೆ ಉಳಿದವರಲ್ಲಿ 22 ಶೇಕಡಾ ಇದ್ದರು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಅಮೆರಿಕದ ಉನ್ನತ ಶಿಕ್ಷಣದ ಸುಧಾರಣೆಗಳಲ್ಲೇ ಅಪೂರ್ವವಾದದ್ದು. ಒಹಾಯೋ ರಾಜ್ಯದ ಮೂರು ಸಮುದಾಯ ಕಾಲೇಜುಗಳು ಇದನ್ನು ಅನುಸರಿಸಿದಾಗಲೂ ಪದವಿ ಪಡೆದವರ ಪ್ರಮಾಣ 19ರಿಂದ 35 ಶೇಕಡಾಕ್ಕೆ ಏರಿತು.

ಇದರ ಗುಟ್ಟು ಯಾವ ಒಂದು ಅಂಶದಲ್ಲಿದೆಯೆಂದು ಬೇರ್ಪಡಿಸಿ ಹೇಳುವುದು ಕಷ್ಟವಾದರೂ, ಒಂದು ಅಂಕಿ ಬಹಳಷ್ಟನ್ನು ಹೇಳುತ್ತದೆ: ಎಸ್ಯಾಪ್‌ನ ಒಬ್ಬ ಸಲಹೆಗಾರರ ಪಾಲಿಗೆ 60ರಿಂದ 80 ವಿದ್ಯಾರ್ಥಿಗಳಿದ್ದರೆ, ಅದೇ ಕಾಲೇಜುಗಳ ಸಾಮಾನ್ಯ ಸಲಹೆಗಾರರ ಪಾಲಿಗೆ 600ರಿಂದ 1,500 ಮಂದಿ ಇದ್ದರು. ಎಂಬತ್ತು ಮಂದಿಯ ಹೆಸರು, ಮುಖ, ಮನೆಯ ತಾಪತ್ರಯಗಳನ್ನು ಒಬ್ಬರು ನೆನಪಿಟ್ಟುಕೊಳ್ಳಬಲ್ಲರು. ಸಾವಿರ ಮಂದಿಯದನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಮೂರು ವರ್ಷಗಳಲ್ಲಿ ಪ್ರತಿ ವಿದ್ಯಾರ್ಥಿಗೆ ಸುಮಾರು 16,300 ಡಾಲರ್ ಹೆಚ್ಚು ಖರ್ಚಾದರೂ ಪದವಿ ಪಡೆದವರು ಅಷ್ಟು ಹೆಚ್ಚಿದ್ದರಿಂದ ಒಂದೊಂದು ಪದವಿಗೆ ಬಿದ್ದ ವೆಚ್ಚ ಕಡಿಮೆಯೇ ಆಯಿತು. ಆದರೂ ಸಮುದಾಯ ಕಾಲೇಜುಗಳ ಆದಾಯವು ಬಹಳ ಕಡೆ ಪದವಿಗಳ ಲೆಕ್ಕದಲ್ಲಿ ಬಾರದೆ ಸೇರಿದವರ ಲೆಕ್ಕದಲ್ಲಿ ಬರುವುದರಿಂದ, ಈ ಮೊದಲ ಹೂಡಿಕೆಗೆ ಬಜೆಟ್‌ನಲ್ಲಿ ಜಾಗ ಮಾಡಲು ಆಡಳಿತಗಳು ಹಿಂಜರಿಯುತ್ತವೆ. ಪೂರ್ವಸಿದ್ಧತಾ ತರಗತಿಗಳನ್ನು ಬಹುಪಾಲು ಕಲಿಸುವವರು, ಸೆಮಿಸ್ಟರಿನಿಂದ ಸೆಮಿಸ್ಟರಿಗೆ ನೇಮಕಗೊಳ್ಳುವ, ಕುಳಿತು ಮಾತಾಡಲು ಕೋಣೆಯೂ ಇಲ್ಲದ ಅರೆಕಾಲಿಕ ಅಧ್ಯಾಪಕರಾಗಿರುವುದು ಕೂಡ ಇದೇ ಮಿತವ್ಯಯದ ಫಲ. ಹೆಚ್ಚು ನೆರವು ಬೇಕಾದ ವಿದ್ಯಾರ್ಥಿಗಳಿಗೆ ಕಡಿಮೆ ನೆರವು ಪಡೆದ ಅಧ್ಯಾಪಕರನ್ನು ಕೊಡುವ ಈ ರೂಢಿ ಯಾವ ಸುಧಾರಣೆಯನ್ನೂ ಒಳಗಿಂದ ಟೊಳ್ಳು ಮಾಡಬಲ್ಲದು.

ಬಗೆಹರಿಯದ ಪ್ರಶ್ನೆಗಳು

ಜೊತೆಪಾಠದ ಪರವಾದ ಸಾಕ್ಷ್ಯಗಳಲ್ಲಿ ಬಹುಪಾಲು ಕಾಲೇಜು ಮಟ್ಟಕ್ಕೆ ಒಂದು ಅಥವಾ ಎರಡು ಮೆಟ್ಟಿಲು ಕೆಳಗಿದ್ದವರಿಗೆ ಸಂಬಂಧಿಸಿದ್ದು. ಭಿನ್ನರಾಶಿಗಳೂ ಮರೆತುಹೋಗಿರುವ ನಲವತ್ತರ ಪ್ರಾಯದವರಿಗೆ, ಹೊಸ ಭಾಷೆಯಲ್ಲಿ ಈಗಷ್ಟೇ ಓದಲು ಕಲಿಯುತ್ತಿರುವ ವಲಸಿಗರಿಗೆ, ಕಲಿಕೆಯ ನ್ಯೂನತೆಗಳುಳ್ಳವರಿಗೆ ವಾರಕ್ಕೆ ಎರಡು ಗಂಟೆಯ ಹೆಚ್ಚುವರಿ ತರಗತಿ ಸಾಕಾಗುವುದೆಂದು ನಂಬಲು ಆಧಾರಗಳು ಕಡಿಮೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ಇಂತಹವರಿಗಾಗಿ ಪದವಿಗೆ ಸೇರುವ ಮುನ್ನವೇ, ಅಲ್ಪ ಶುಲ್ಕಕ್ಕೆ, ನೆರವಿನ ಅನುದಾನವನ್ನು ಕರಗಿಸದೆ, ದಿನಕ್ಕೆ ಹಲವು ಗಂಟೆಗಳ ತರಬೇತಿ ನೀಡುವ ಸಿಯುಎನ್‌ವೈ ಸ್ಟಾರ್ಟ್ ಎಂಬ ಕಾರ್ಯಕ್ರಮವನ್ನು 2009ರಲ್ಲಿ ಆರಂಭಿಸಿತು. ಕ್ಯಾಲಿಫೋರ್ನಿಯದಲ್ಲಿ ವಾದ ಇನ್ನೊಂದು ತುದಿಯಲ್ಲಿ ಎದ್ದಿದೆ: 2022ರ ಎಬಿ 1705 ಕಾಯಿದೆಯು ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದಲು ಹೊರಟವರನ್ನು ಆದಷ್ಟು ನೇರವಾಗಿ ಕಲನಶಾಸ್ತ್ರಕ್ಕೆ ಸೇರಿಸಬೇಕೆಂದು ಒತ್ತಾಯಿಸುವುದರಿಂದ, ತ್ರಿಕೋನಮಿತಿಯನ್ನೂ ಮುಂದುವರಿದ ಬೀಜಗಣಿತವನ್ನೂ ಸರಿಯಾಗಿ ಕಲಿಯದೆ ಬಂದವರು ಅಲ್ಲಿ ಮುಳುಗುವರೆಂದು ಗಣಿತದ ಅಧ್ಯಾಪಕರಲ್ಲಿ ಅನೇಕರು ವಿರೋಧಿಸಿದ್ದಾರೆ, ಹಿಂದಿನ ಸರಣಿಯಲ್ಲಿ ಅದಕ್ಕಿಂತ ಹೆಚ್ಚು ಮಂದಿ ಸದ್ದಿಲ್ಲದೆ ಮುಳುಗಿದ್ದರೆಂಬುದು ಕಾಯಿದೆಯ ಬೆಂಬಲಿಗರ ಉತ್ತರ. ಇಬ್ಬರ ಮಾತಿನಲ್ಲೂ ನಿಜವಿರುವುದರಿಂದ, ತೀರ್ಪು ಬಹುಮಟ್ಟಿಗೆ ಆ ಕಲನಶಾಸ್ತ್ರದ ತರಗತಿಗಳಿಗೆ ಎಷ್ಟು ಗಂಟೆಗಳ ಜೊತೆಪಾಠ, ಎಷ್ಟು ಮಂದಿ ತರಬೇತಾದ ಟ್ಯೂಟರ್‌ಗಳು ದೊರೆಯುತ್ತಾರೆ ಎಂಬುದನ್ನು ಅವಲಂಬಿಸಿದೆ, ಮತ್ತು ಆ ಸಂಖ್ಯೆ ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಬಹಳವಾಗಿ ವ್ಯತ್ಯಾಸವಾಗುತ್ತದೆ.